ಪೇಂಟ್‌ಬಾಲ್ ಗನ್ನಿನ ಟ್ರಿಗರ್ ‘ಲೈಟ್’ ಮಾಡಿಸುವ ಮುಂಚೆ ಇದನ್ನು ಓದಿ

ಸ್ವಂತ ಪೇಂಟ್‌ಬಾಲ್ ಮಾರ್ಕರ್, ಅಂದರೆ ಗನ್, ಇಟ್ಟುಕೊಂಡವರಿಗಾಗಿ ಬರೆಯುತ್ತಿದ್ದೇನೆ. ಆಫೀಸ್ ಟೀಮ್ ಜೊತೆ ವರ್ಷಕ್ಕೊಮ್ಮೆ ಬಾಡಿಗೆ ಗನ್ನಿನಲ್ಲಿ ಆಡಿ, ಮೈಯೆಲ್ಲಾ ಬಣ್ಣ ಮಾಡಿಕೊಂಡು ಬರುವವರಿಗೆ ಈ ತಲೆನೋವಿಲ್ಲ. ಟ್ರಿಗರ್ ಲೈಟ್ ಮಾಡಿಕೊಡುತ್ತೇವೆ, ಬೆರಳು ತಾಗಿಸಿದರೆ ಸಾಕು ಅಂತ ಯಾರಾದರೂ ಹೇಳಿದರೆ, ‘ಸಿಯರ್ ಮುಟ್ಟುತ್ತೀರಾ?’ ಅಂತ ಮೊದಲು ಕೇಳಿ (ಸಿಯರ್ ಅಂದರೆ ಟ್ರಿಗರ್ ಒತ್ತುವ ತನಕ ಗನ್ ಹೊಡೆಯದಂತೆ ಹಿಡಿದಿಡುವ ಒಳಗಿನ ಸಣ್ಣ ತುಂಡು). ಹೌದು ಅಂದರೆ ಗನ್ ಎತ್ತಿಕೊಂಡು ವಾಪಸ್ ಬನ್ನಿ.

ನನ್ನದು ಟಿಪ್‌ಮನ್ 98. ಹಳೇ ಕಾಲದ್ದು, ಬ್ಯಾಟರಿ ಗೀಟರಿ ಏನೂ ಇಲ್ಲ, ಎಲ್ಲಾ ಮೆಕ್ಯಾನಿಕಲ್. ಮಣ್ಣಿಗೆ ಬಿದ್ದರೂ ಒರೆಸಿಕೊಂಡು ಹೊಡೆಯಬಹುದು. ಟ್ರಿಗರ್ ಮಾತ್ರ ಬೇಜಾರು. ಒತ್ತಲು ಶುರು ಮಾಡಿದ ಮೇಲೆ ಸುಮಾರು ದೂರ ಸುಮ್ನೆ ಹೋಗುತ್ತದೆ, ಆಮೇಲೆ ಗುಂಡು ಹೋಗುತ್ತದೆ, ಹೋದ ಮೇಲೂ ಇನ್ನಷ್ಟು ಹಿಂದೆ ಸರಿಯುತ್ತದೆ. ಇದಕ್ಕೆ ಸರಳವಾದ ದಾರಿ ಇದೆ. ಟ್ರಿಗರಿನ ಹಿಂದೆ ಒಂದು, ಮುಂದೆ ಒಂದು ಸಣ್ಣ ಸ್ಕ್ರೂ ಕೂರಿಸಿ ಆ ವ್ಯರ್ಥ ಓಡಾಟ ಕಡಿಮೆ ಮಾಡುವುದು. ಪೀಣ್ಯದ ಕಡೆ ಏರ್‌ಗನ್ ರಿಪೇರಿ ಮಾಡುವವರೊಬ್ಬರ ಹತ್ತಿರ ಕೊಟ್ಟೆ, ಹೆಸರು ಬರೆಯುವುದಿಲ್ಲ. ಕೇಳಿದ್ದು ಸ್ಕ್ರೂ ಕೆಲಸ ಮಾತ್ರ, ಬೇರೇನೂ ಬೇಡ ಅಂತ ಬಾಯಿಬಿಟ್ಟು ಹೇಳಿದ್ದೆ.

ವಾಪಸ್ ಕೊಡುವಾಗ ಅವರ ಮುಖದಲ್ಲಿ ಹೆಮ್ಮೆಯೋ ಹೆಮ್ಮೆ. ‘ಒತ್ತಿ ನೋಡಿ ಸಾರ್, ಬೆಣ್ಣೆ ಥರ ಇದೆ.’ ನಿಜಕ್ಕೂ ಇತ್ತು. ಬರೀ ಸ್ಕ್ರೂ ಹಾಕಿದರೆ ಅಷ್ಟು ಹಗುರ ಆಗಲ್ಲ, ಓಡಾಟ ಕಡಿಮೆಯಾಗುತ್ತದೆ ಅಷ್ಟೇ. ಏನು ಮಾಡಿದಿರಿ ಅಂದರೆ ‘ಸ್ವಲ್ಪ ಪಾಲಿಶ್’ ಅಂದರು.

ಆ ಭಾನುವಾರ ಕನಕಪುರ ರಸ್ತೆ ಆಚೆ ಆಟ. ಬೆಳಿಗ್ಗೆ ಕ್ರೋನೋದಲ್ಲಿ (ವೇಗ ಅಳೆಯುವ ಯಂತ್ರ) ಗುಂಡಿನ ವೇಗ ನೋಡಿದರು, ಲಿಮಿಟ್ ಒಳಗೇ ಇತ್ತು, ಪಾಸ್. ಕ್ರೋನೋ ಹೇಳುವುದು ಗುಂಡಿನ ವೇಗ ಮಾತ್ರ, ಟ್ರಿಗರ್ ಒಳಗೆ ಏನಾಗಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಮೊದಲ ಆಟ ಚೆನ್ನಾಗಿಯೇ ಹೋಯಿತು. ಎರಡನೇ ಆಟದಲ್ಲಿ ಡ್ರಮ್ ಹಿಂದೆ ಕೂತು ಒಂದು ಸಲ ಒತ್ತಿದೆ, ಬೆರಳು ತೆಗೆದೆ, ಗನ್ ಮಾತ್ರ ನಿಲ್ಲಲಿಲ್ಲ. ತನ್ನ ಪಾಡಿಗೆ ಪಟಪಟ ಅಂತ ಹಾಪರ್ (ಮೇಲಿನ ಗುಂಡಿನ ಡಬ್ಬಿ) ಖಾಲಿ ಮಾಡುತ್ತಾ ಹೋಯಿತು. ನೆಲಕ್ಕೆ ತಿರುಗಿಸಿ ಹಿಡಿದೆ. ಆಟ ನೋಡಿಕೊಳ್ಳುವ ಮಾರ್ಷಲ್ ಸೀಟಿ ಊದುತ್ತಾ ಓಡಿ ಬಂದರು. ಗ್ಯಾಸ್ ಮುಗಿಯುತ್ತಾ ಬಂದಾಗ ಒಳ್ಳೇ ಗನ್ನೂ ಹೀಗೆ ಆಡುವುದುಂಟು, ಒಳಗೆ ಹಿಂದೆ ಮುಂದೆ ಓಡುವ ಬೋಲ್ಟನ್ನು ಪೂರ್ತಿ ಹಿಂದಕ್ಕೆ ತಳ್ಳುವಷ್ಟು ಒತ್ತಡ ಇರುವುದಿಲ್ಲ. ಹಾಗಾಗಿ ಮೊದಲ ಅನುಮಾನ ಟ್ಯಾಂಕಿನ ಮೇಲೆ. ತುಂಬಿದ ಟ್ಯಾಂಕ್ ಹಾಕಿ, ಮೂಲೆಯಲ್ಲಿ ಗೋಡೆ ಕಡೆ ಹೊಡೆದು ನೋಡಿದೆವು. ಅದೇ ಕಥೆ.

ಗಾಬರಿಯಾಗಿದ್ದು ಅದಾದ ಮೇಲೆ. ಆಟ ಬಿಟ್ಟು ಮಾಸ್ಕ್ ತೆಗೆಯುವ ಜಾಗಕ್ಕೆ ಬಂದೆ. ಬ್ಯಾರಲ್‌ಗೆ ಬಟ್ಟೆಯ ಕವರ್ ಹಾಕಿತ್ತು, ಸೇಫ್ಟಿ ಆನ್, ಹಾಪರ್ ತೆಗೆದಾಗಿತ್ತು. ಟ್ಯಾಂಕ್ ಬಿಚ್ಚೋಣ ಅಂತ ಕಲ್ಲು ಬೆಂಚಿನ ಮೇಲೆ ಇಟ್ಟೆ. ಇಟ್ಟ ಕುಲುಕಿಗೇ ಟಪ್ ಅಂತ ಹೊಡೆಯಿತು. ಒಳಗೆ ಉಳಿದಿದ್ದ ಒಂದೇ ಒಂದು ಗುಂಡು. ಕವರ್ ಮುಂದಕ್ಕೆ ಉಬ್ಬಿ, ಅದರ ಹೊಲಿಗೆ ಸಂದಿಯಿಂದ ಹಳದಿ ಬಣ್ಣ ಬೆಂಚಿನ ಮೇಲೆ ಸೋರಿತು. ಎದುರಿಗೆ ನಾಲ್ಕೈದು ಜನ ಮಾಸ್ಕ್ ಬಿಚ್ಚಿ ಇಡ್ಲಿ ತಿನ್ನುತ್ತಿದ್ದರು. ಸುಮಾರು 3 ಗ್ರಾಂ ತೂಕದ ಗುಂಡು, ಸೆಕೆಂಡಿಗೆ 280 ಅಡಿ, ಅಂದರೆ ಗಂಟೆಗೆ 300 ಕಿಲೋಮೀಟರ್‌ಗಿಂತ ಜಾಸ್ತಿ. ಬರಿಗಣ್ಣಿಗೆ ಬಿದ್ದಿದ್ದರೆ? ಇನ್ನೂರು ಮುನ್ನೂರು ರೂಪಾಯಿಯ ಬಟ್ಟೆ ತುಂಡು ಅವತ್ತು ಮರ್ಯಾದೆ ಉಳಿಸಿತು.

ಸೇಫ್ಟಿ ಆನ್ ಇದ್ದರೂ ಹೇಗೆ ಹೊಡೆಯಿತು ಅಂತ ಎಲ್ಲರೂ ಕೇಳಿದರು. ಈ ಗನ್ನಿನಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಕಾಕ್ ಮಾಡಿದಾಗ, ಅಂದರೆ ಹೊಡೆಯಲು ಸಿದ್ಧ ಮಾಡಿದಾಗ, ಹಿಂದಿನ ಬೋಲ್ಟ್ ಸ್ಪ್ರಿಂಗನ್ನು ಅದುಮಿಕೊಂಡು ಹಿಂದೆ ನಿಂತಿರುತ್ತದೆ, ಅದನ್ನು ಹಿಡಿದಿಡುವುದು ಸಿಯರ್ ಅನ್ನುವ ಸಣ್ಣ ಉಕ್ಕಿನ ತುಂಡಿನ ಒಂದು ಅಂಚು. ಟ್ರಿಗರ್ ಒತ್ತಿದರೆ ಆ ಅಂಚು ಸರಿಯುತ್ತದೆ, ಬೋಲ್ಟ್ ಮುನ್ನುಗ್ಗಿ ವಾಲ್ವ್‌ಗೆ ಹೊಡೆಯುತ್ತದೆ, ಬಿಟ್ಟ ಗ್ಯಾಸಿನಲ್ಲಿ ಒಂದು ಪಾಲು ಗುಂಡನ್ನು ತಳ್ಳಿದರೆ ಇನ್ನೊಂದು ಪಾಲು ಬೋಲ್ಟನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ಲಿ ಸಿಯರ್ ಮತ್ತೆ ಹಿಡಿಯಬೇಕು. ಹಿಡಿಯದಿದ್ದರೆ ಬೋಲ್ಟ್ ಮತ್ತೆ ಮುಂದೆ, ಮತ್ತೆ ಗುಂಡು. ಆ ಅಂಚೇ ಜಾರುತ್ತಿದ್ದರೆ ಸೇಫ್ಟಿ ಇದ್ದೂ ಇಲ್ಲದ ಹಾಗೆ.

ಮನೆಗೆ ಬಂದು ಬಿಚ್ಚಿದೆ. ಟೇಬಲ್ ಲ್ಯಾಂಪ್ ಕೆಳಗೆ ಹಿಡಿದರೆ, ಚೌಕವಾಗಿ, ಚೂಪಾಗಿ ಇರಬೇಕಾದ ಸಿಯರ್ ಅಂಚು ಗುಂಡಗಾಗಿ ಮಿರಮಿರ ಮಿಂಚುತ್ತಿತ್ತು. ಪಕ್ಕದಲ್ಲಿ ನೀಲಿ ಕಲೆ. ಗ್ರೈಂಡರ್ ಬಿಸಿಗೆ ಉಕ್ಕು ಹಾಗಾಗುತ್ತದೆ, ಅಲ್ಲಿಗೆ ಅದರ ಹದವೂ ಹೋದಂತೆ. ಸಿಯರನ್ನು ತಳ್ಳುವ ಸ್ಪ್ರಿಂಗಿನ ತುದಿಯನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದ್ದರು, ಟ್ರಿಗರ್ ಹಗುರ ಆಗಲಿ ಅಂತ. ಸ್ಪ್ರಿಂಗ್ ಸಪ್ಪೆಯಾದರೆ ಬೋಲ್ಟ್ ಹಿಂದೆ ಬರುವ ಹೊತ್ತಿಗೆ ಸಿಯರ್ ಎದ್ದು ನಿಲ್ಲುವುದೇ ಇಲ್ಲ. ಇನ್ನು ನಾನು ಕೇಳಿದ್ದ ಸ್ಕ್ರೂಗಳಿಗೆ ಅಂಟೇ ಹಾಕಿರಲಿಲ್ಲ. ಅದುರಿ ಅದುರಿ ಒಂದು ಒಳಗೆ ಹೋಗಿ, ಸಿಯರ್ ಪೂರ್ತಿ ಹಿಡಿಯದಂತೆ ಅದನ್ನು ಅರ್ಧ ಸರಿಸಿ ಇಟ್ಟಿತ್ತು.

ಫೋನ್ ಮಾಡಿದರೆ ಬಂದ ಉತ್ತರ ಏನು ಗೊತ್ತಾ? ‘ಎಲ್ಲರಿಗೂ ಹೀಗೇ ಮಾಡೋದು ಸಾರ್. ಫುಲ್ ಆಟೋ ಆಯ್ತಲ್ಲ, ಜನ ದುಡ್ಡು ಕೊಟ್ಟು ಮಾಡಿಸ್ತಾರೆ.’ ಕೂಲಿಯೂ ವಾಪಸ್ ಬರಲಿಲ್ಲ, ಹಾಳಾದ ಬಿಡಿಭಾಗಕ್ಕೂ ದುಡ್ಡು ಬರಲಿಲ್ಲ. ಹೊಸ ಸಿಯರ್, ಸ್ಪ್ರಿಂಗ್ ಹೊರಗಿನಿಂದ ತರಿಸಬೇಕಾಯಿತು.

ಟ್ರಿಗರ್ ಕೆಲಸವೇ ಬೇಡ ಅಂತಲ್ಲ. ಸ್ಕ್ರೂ ಹಾಕಿಸಿ, ನೀಲಿ ಲಾಕ್‌ಟೈಟ್ (ಸ್ಕ್ರೂ ಕದಲದಂತೆ ಹಿಡಿಯುವ ಅಂಟು) ಹಚ್ಚಿಸಿ, ಮುಂದಿನ ಸ್ಕ್ರೂ ಬಿಗಿ ಮಾಡುವಾಗ ಸಿಯರ್ ಪೂರ್ತಿ ಕೂರುವಷ್ಟು ಜಾಗ ಬಿಡಿಸಿ. ಉಜ್ಜಬೇಕೆಂದರೆ ಟ್ರಿಗರ್‌ನ ಎರಡು ಪಕ್ಕ, ಗನ್ ಗೋಡೆಗೆ ತಾಗುವ ಕಡೆ, ನುಣುಪಾದ ವಾಟರ್ ಪೇಪರಿನಲ್ಲಿ (ಉಪ್ಪು ಕಾಗದ) ಕೈಯಿಂದ. ಅಂಚಿನ ಹತ್ತಿರ ಯಾವ ಮೆಷಿನ್ನೂ ಬರಬಾರದು. ಎಲೆಕ್ಟ್ರಾನಿಕ್ ಮಾರ್ಕರ್‌ನಲ್ಲಿ ಸಿಯರ್ ಕಾಟ ಕಡಿಮೆ, ಆದರೆ ಡಿಬೌನ್ಸ್ (ಒಂದು ಒತ್ತನ್ನು ಹಲವು ಒತ್ತು ಅಂತ ಎಣಿಸದಂತೆ ತಡೆಯುವ ಸೆಟ್ಟಿಂಗ್) ಜಾಸ್ತಿ ಇಳಿಸಿದರೆ ಒಂದು ಒತ್ತಿಗೆ ಎರಡು ಮೂರು ಗುಂಡು ಹೋಗುತ್ತದೆ. ಅದೂ ಇದೇ ಜಾತಿಯ ತೊಂದರೆ.

ಕೆಲಸ ಮಾಡಿಸಿದ ಗನ್ ಕೈಗೆ ಬಂದ ಮೇಲೆ, ಮಾಸ್ಕ್ ಹಾಕಿ, ಗುಂಡು ಹಾಕದೆ, ಗ್ಯಾಸ್ ಕೊಟ್ಟು ಕಾಕ್ ಮಾಡಿ, ಹಿಂದೆ, ಪಕ್ಕ, ಕೆಳಗೆ ಅಂಗೈಯಿಂದ ಜೋರಾಗಿ ತಟ್ಟಿ ನೋಡಿ. ಒಂದೇ ಒಂದು ಸಲ ತಾನಾಗಿ ಹೊಡೆದರೂ ಮೈದಾನಕ್ಕೆ ಒಯ್ಯಬೇಡಿ. ಆಮೇಲೆ ಟ್ರಿಗರನ್ನು ತುಂಬಾ ನಿಧಾನವಾಗಿ ಒತ್ತಿ, ನಿಧಾನವಾಗಿ ಬಿಡಿ. ಜಾರುವ ಸಿಯರ್ ಅಲ್ಲೇ ಸಿಕ್ಕಿಬೀಳುತ್ತದೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರಿಗೂ ಒಂದು ಮಾತು. ‘ಟ್ರಿಗರ್ ಜಾಬ್ ಆಗಿದೆ’ ಅಂತ ಜಾಸ್ತಿ ಬೆಲೆ ಹೇಳಿದರೆ, ಬಿಚ್ಚಿ ತೋರಿಸಿ ಅನ್ನಿ. 98ರ ಬಾಡಿ ಎರಡು ಹೋಳು, ಅಲೆನ್ ಕೀ ಇದ್ದರೆ ಅಲ್ಲೇ ತೆರೆಯಬಹುದು, ಸ್ಪ್ರಿಂಗ್ ಹಾರದಂತೆ ನೋಡಿಕೊಂಡರೆ ಸಾಕು. ಬಿಚ್ಚಲ್ಲ ಅಂದರೆ ನೀವೂ ದುಡ್ಡು ಬಿಚ್ಚಬೇಡಿ.