ಬೊಲೆರೊ ಕ್ಯಾಂಪರ್‌ಗೆ ಹ್ಯಾಮ್ ಆಂಟೆನಾ: 5/8 ತರಂಗದ ಕಡ್ಡಿ ಮತ್ತು ಟಾಪಿನ ಮೌಂಟ್

ಚಿತ್ರದುರ್ಗದ ಕಡೆಯಿಂದ ದಾವಣಗೆರೆ ಎಪಿಎಂಸಿಗೆ ಈರುಳ್ಳಿ ಸಾಗಿಸುವ ನಮ್ಮ ಬೊಲೆರೊ ಕ್ಯಾಂಪರ್‌ನಲ್ಲಿ ಎರಡು ಮೀಟರ್ ಬ್ಯಾಂಡಿನ (ತರಂಗದ ಉದ್ದ ಸುಮಾರು ಎರಡು ಮೀಟರ್) ಹ್ಯಾಮ್ ಸೆಟ್, ಅಂದರೆ ಹವ್ಯಾಸಿಗಳು ಪರಸ್ಪರ ಮಾತಾಡಲು ಬಳಸುವ ರೇಡಿಯೊ ಇದೆ. ಅದಕ್ಕೆ ಯಾವ ಆಂಟೆನಾ ಹೊಂದುತ್ತದೆ, ಅದನ್ನು ಗಾಡಿಯ ಯಾವ ಜಾಗದಲ್ಲಿ ಕೂರಿಸಬೇಕು ಎಂಬುದನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿ ನೋಡಿದ ಬಳಿಕ, 5/8 ತರಂಗದ ಕಡ್ಡಿಯನ್ನು (ತರಂಗದ ಉದ್ದವನ್ನು ಎಂಟು ಪಾಲು ಮಾಡಿದರೆ ಐದು ಪಾಲಿನಷ್ಟು ಉದ್ದದ್ದು) ಕ್ಯಾಬಿನ್ ಟಾಪಿನ ನಡುವೆ ತೂತು ಕೊರೆದು ಕೂರಿಸಿದ ಎನ್‌ಎಂಒ ಮೌಂಟಿಗೆ (ಕಡ್ಡಿಯನ್ನು ತಿರುಗಿಸಿ ಕೂರಿಸುವ ಬುಡ) ಹಾಕುವುದೇ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಹಣ ಹಾಕುವುದಾದರೆ ಕಡ್ಡಿಗಿಂತ ಹೆಚ್ಚಾಗಿ ಮೌಂಟಿಗೆ ಮತ್ತು ಅದನ್ನು ಕೂರಿಸುವ ಮೇಸ್ತ್ರಿಯ ಕೆಲಸಕ್ಕೆ ಹಾಕಬೇಕು.

ಕಡ್ಡಿಯ ಉದ್ದ ಬ್ಯಾಂಡಿಗೆ ತಕ್ಕಂತೆ ಬದಲಾಗುತ್ತದೆ. ಅಮೆರಿಕದ ಲಾರಿ ಚಾಲಕರು ಬಳಸುವ ಸಿಬಿ (ಜನಸಾಮಾನ್ಯರ ಬಳಕೆಯ) ರೇಡಿಯೊ 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಕಾಲು ತರಂಗದ ಕಡ್ಡಿಯೇ ಸುಮಾರು 2.75 ಮೀಟರ್ ಆಗುವುದರಿಂದ, ಸುರುಳಿ ಸೇರಿಸಿ ಅದನ್ನು ಗಿಡ್ಡ ಮಾಡುತ್ತಾರೆ. ಗಿಡ್ಡವಾದಷ್ಟೂ ಸೆಟ್ಟಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಶಾಖವಾಗಿ ಪೋಲಾಗುತ್ತದೆ. ಪರವಾನಗಿ ಪಡೆದ ಹ್ಯಾಮ್‌ಗಳು ನಮ್ಮಲ್ಲಿ ಬಳಸುವ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಕಾಲು ತರಂಗವೆಂದರೆ ಅರ್ಧ ಮೀಟರ್, 5/8 ತರಂಗವೆಂದರೆ ಸುಮಾರು ಒಂದೂಕಾಲು ಮೀಟರ್ ಅಷ್ಟೆ. ಎರಡನ್ನೂ ಪಿಕಪ್ ಮೇಲೆ ಪೂರ್ತಿ ಉದ್ದದಲ್ಲಿಯೇ ನಿಲ್ಲಿಸಬಹುದು.

ಕೂರಿಸುವ ವಿಧಾನಗಳಲ್ಲಿ ಅತ್ಯಂತ ಸುಲಭವಾದದ್ದು ಮ್ಯಾಗ್ನೆಟ್ ಬುಡ. ಬಣ್ಣದ ಪದರವಿದ್ದರೂ ಈ ಬ್ಯಾಂಡಿನಲ್ಲಿ ಅದು ಟಾಪಿನ ತಗಡಿನೊಂದಿಗೆ ಸಾಕಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ, ಆದ್ದರಿಂದ ಹೊಸಬರಿಗೆ ಅದು ಕೆಟ್ಟ ಆರಂಭವಲ್ಲ. ಆದರೆ ನಮ್ಮ ಭಾಗದ ಧೂಳು ಮ್ಯಾಗ್ನೆಟ್ ಅಡಿಗೆ ಸೇರಿ ಬಣ್ಣವನ್ನು ಗೀರುತ್ತದೆ, ಬಾಗಿಲಿನ ರಬ್ಬರ್ ನಡುವೆ ತೂರಿಸಿದ ಕೇಬಲ್ ದಿನವೂ ಅಮುಕಿಸಿಕೊಂಡು ಒಳಗಿನ ತಾಮ್ರ ಜಜ್ಜಿಹೋಗುತ್ತದೆ, ಮಳೆಯಲ್ಲಿ ಅದೇ ದಾರಿಯಾಗಿ ನೀರೂ ಇಳಿಯುತ್ತದೆ. ಬಾನೆಟ್ ಅಂಚಿಗೆ ಕಚ್ಚಿಸುವ ಬ್ರಾಕೆಟ್ಟಿಗೆ ತೂತು ಬೇಕಾಗುವುದಿಲ್ಲ, ನೋಡಲೂ ಅಚ್ಚುಕಟ್ಟಾಗಿರುತ್ತದೆ. ಆದರೆ ಕಡ್ಡಿ ಒಂದು ಮೂಲೆಯಲ್ಲಿ ನಿಲ್ಲುವುದರಿಂದ, ಗಾಡಿಯ ಲೋಹ ಹೆಚ್ಚಾಗಿ ಹರಡಿರುವ ದಿಕ್ಕಿಗೆ ಸಿಗ್ನಲ್ ಜಾಸ್ತಿ, ಉಳಿದ ದಿಕ್ಕುಗಳಿಗೆ ಕಡಿಮೆ. ಗಾಡಿ ತಿರುವು ತೆಗೆದುಕೊಂಡಾಗ ಎದುರಿನವರ ದನಿ ಏರಿಳಿಯುವುದಕ್ಕೆ ಇದೂ ಒಂದು ಕಾರಣ. ಹಿಂದಿನ ಬಾಡಿಯ ಪಟ್ಟಿಗೆ ಕಟ್ಟುವುದನ್ನಂತೂ ನಾನು ಯಾರಿಗೂ ಹೇಳುವುದಿಲ್ಲ, ಏಕೆಂದರೆ ಲೋಡಿನ ಚೀಲಗಳೂ ಕ್ಯಾಬಿನ್ನಿನ ಹಿಂಗೋಡೆಯೂ ಕಡ್ಡಿಗೆ ಅಡ್ಡ ಬರುತ್ತವೆ, ಟಾರ್ಪಾಲಿನ ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಟಾಪಿನ ಕೆಲಸವನ್ನು ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಮಾಡಿಕೊಟ್ಟರು, ಮತ್ತು ಈ ವಿಮರ್ಶೆಯಲ್ಲಿ ಹೆಚ್ಚಿನ ಮೆಚ್ಚುಗೆ ಸಲ್ಲಬೇಕಾದದ್ದು ಅವರಿಗೆ. ಮೋಟೊರೋಲಾ ರೂಪಿಸಿದ ಎನ್‌ಎಂಒ ಮೌಂಟಿಗೆ ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರ್ ತೂತು ಬೇಕು. ಅವರು ಮೊದಲು ಒಳಗಿನ ಲೈನಿಂಗ್ ಇಳಿಸಿ, ಅಡ್ಡಪಟ್ಟಿಯೂ ದೀಪದ ವೈರೂ ಎಲ್ಲಿವೆ ಎಂದು ಕೈಯಾಡಿಸಿ ನೋಡಿ, ಆಮೇಲಷ್ಟೇ ಗುರುತು ಹಾಕಿದರು. ಕೊರೆದ ಮೇಲೆ ಉದುರಿದ ತಗಡಿನ ಚೂರುಗಳನ್ನು ಒಂದೊಂದಾಗಿ ಒರೆಸಿ ತೆಗೆದರು. ಬಿಟ್ಟರೆ ಅವು ತುಕ್ಕು ಹಿಡಿದು ಬಣ್ಣವನ್ನು ತಿನ್ನುತ್ತವೆ. ಒಳಬದಿಯಲ್ಲಿ ಮೌಂಟಿನ ಹಲ್ಲುಗಳು ಕಚ್ಚುವಷ್ಟು ಅಗಲಕ್ಕೆ ಮಾತ್ರ ಬಣ್ಣ ಕೆರೆದು ಬರಿ ಲೋಹವನ್ನು ಹೊಳೆಯುವಂತೆ ಮಾಡಿದರು. ನಾನು ಅವಸರ ಮಾಡಿದಾಗ, “ಅಂಚಿಗೆ ಹಚ್ಚಿದ ಪ್ರೈಮರ್ ಒಣಗೋವರೆಗೂ ಮೌಂಟ್ ಹಾಕಲ್ಲ ಸಾರ್, ನಾಳೆ ಬನ್ನಿ” ಎಂದು ಗಾಡಿಯನ್ನು ಅಲ್ಲಿಯೇ ನಿಲ್ಲಿಸಿಕೊಂಡರು. ಮುಂಗಾರಿನ ಜೋರು ಮಳೆಯಲ್ಲಿಯೂ ಇಂದಿನವರೆಗೆ ಒಂದು ಹನಿ ಸೋರಿಲ್ಲ.

ಕಡ್ಡಿಯನ್ನು ಬೇಕಾದುದಕ್ಕಿಂತ ಉದ್ದವಾಗಿಯೇ ಕೊಡುತ್ತಾರೆ, ಗಾಡಿಯ ಮೇಲೆಯೇ ಕತ್ತರಿಸಿ ಹೊಂದಿಸಬೇಕು. ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ಮರಳುತ್ತಿದೆ ಎಂದು ತಿಳಿಸುವ ಎಸ್‌ಡಬ್ಲ್ಯುಆರ್ ಮೀಟರಿನಲ್ಲಿ 146ಕ್ಕಿಂತ 144ರಲ್ಲಿ ಓದು ಕಡಿಮೆ ಬಂದರೆ ಕಡ್ಡಿ ಇನ್ನೂ ಉದ್ದವಿದೆ ಎಂದರ್ಥ. ಕೆಲವೇ ಮಿಲಿಮೀಟರಿನಂತೆ ಕತ್ತರಿಸುತ್ತ ಬರಬೇಕು. ಓದು 1.5ಕ್ಕೆ ಇಳಿದರೆ ಮರಳಿ ಬರುವ ಶಕ್ತಿ ಶೇಕಡಾ 4 ಮಾತ್ರ, 2 ಇದ್ದರೂ ಶೇಕಡಾ 11. ಆದ್ದರಿಂದ 1.1ಕ್ಕಾಗಿ ಒದ್ದಾಡುವ ಅಗತ್ಯವಿಲ್ಲ. ಕೇಬಲ್ ಕೆಟ್ಟದ್ದಾಗಿದ್ದರೆ ಅದು ಶಕ್ತಿಯನ್ನು ತಾನೇ ನುಂಗಿ ಮೀಟರಿನಲ್ಲಿ ಚೆಂದದ ಓದನ್ನು ತೋರಿಸುತ್ತದೆ ಎಂಬುದು ನೆನಪಿರಲಿ.

ರಸ್ತೆಯ ಮೇಲಿನ ಫಲ ಊರಿಗೆ ತಕ್ಕಂತೆ ಬೇರೆಯಾಗುತ್ತದೆ. 5/8 ಕಡ್ಡಿ ಶಕ್ತಿಯನ್ನು ದಿಗಂತದ ಕಡೆಗೆ ತಗ್ಗಿಸಿ ಕಳಿಸುವುದರಿಂದ, ಭರಮಸಾಗರ ದಾಟಿ ಆನಗೋಡಿನ ಕಡೆಯ ಬಯಲಿನಲ್ಲಿ ಕಾಲು ತರಂಗದ ಕಡ್ಡಿಯಲ್ಲಿ ಮಬ್ಬಾಗಿದ್ದ ಸ್ಟೇಷನ್ ಇದರಲ್ಲಿ ಮಾತು ತಿಳಿಯುವಷ್ಟು ಸ್ಪಷ್ಟವಾಗಿ ಕೇಳುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಬದಿಯ ಗುಡ್ಡಗಳ ಮಗ್ಗುಲಿನಲ್ಲಿ ಮಾತ್ರ ಈ ಅನುಕೂಲ ಕರಗಿಹೋಗುತ್ತದೆ, ಅರ್ಧ ಮೀಟರಿನ ಗಿಡ್ಡ ಕಡ್ಡಿಯೂ ಅಲ್ಲಿ ಅಷ್ಟೇ ಕೆಲಸ ಮಾಡುತ್ತದೆ. ಊರೊಳಗೇ ಓಡಾಡುವವರು, ಮರದ ಕೊಂಬೆ ತಾಗುವ ತೋಟದ ದಾರಿಗಳಲ್ಲಿ ಹೋಗುವವರು ಗಿಡ್ಡದ್ದನ್ನೇ ಕೊಳ್ಳಲಿ. ಮೌಂಟ್ ಒಂದೇ ಆದ್ದರಿಂದ ಮುಂದೆ ಬದಲಿಸಿಕೊಳ್ಳಬಹುದು.

ಸೆಟ್ಟಿನ ಕರೆಂಟನ್ನು ನೇರವಾಗಿ ಬ್ಯಾಟರಿಯಿಂದಲೇ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ ಎಳೆಸಬೇಕು. 50 ವ್ಯಾಟಿನ ಸೆಟ್ ಮಾತಾಡುವಾಗ 10 ಆಂಪಿಯರಿನಷ್ಟು ಎಳೆಯುವುದರಿಂದ ಸಿಗರೇಟ್ ಲೈಟರ್ ಸಾಕೆಟ್ ಸಾಲುವುದಿಲ್ಲ. ಕಿಟ್ಟಿನ ಬಗ್ಗೆ ನನ್ನ ದೂರು ಒಂದೇ: ಕಡ್ಡಿ ಬಿಚ್ಚಿಟ್ಟಾಗ ಮೌಂಟಿನ ಮೇಲೆ ಹಾಕುವ ರಬ್ಬರ್ ಕ್ಯಾಪ್ ಅದರ ಜೊತೆ ಬರುವುದಿಲ್ಲ. ಗಾಡಿಯನ್ನು ವಾಟರ್ ಸರ್ವಿಸ್‌ಗೆ ಬಿಡುವ ಮೊದಲು ಅದನ್ನು ಬೇರೆಯಾಗಿ ಕೊಂಡಿಟ್ಟುಕೊಳ್ಳಬೇಕು.