200 ಎಂಬಿಪಿಎಸ್ ಇಂಟರ್‌ನೆಟ್ ಪ್ಲಾನ್ ಹಾಕಿಸುವ ಮುಂಚೆ ಒಮ್ಮೆ ಲ್ಯಾನ್ ವೈರ್ ಚುಚ್ಚಿ ನೋಡಿ

ಮಹಡಿ ಮೇಲಿನ ರೂಮಿಗೆ ವೈಫೈ ಬರುವುದಿಲ್ಲ ಅಂತ ಹತ್ತಿರ ಹತ್ತಿರ ಆರು ಸಾವಿರ ಕಳೆದುಕೊಂಡೆ. ನಿಮ್ಮ ಮನೆಯಲ್ಲೂ ಇದೇ ತಾಪತ್ರಯ ಇದ್ದರೆ ದುಡ್ಡು ಬಿಚ್ಚುವ ಮೊದಲು ಇದನ್ನು ಓದಿ.

ನಮ್ಮದು ಮೈಸೂರಿನಲ್ಲಿ ಹಳೇ ಮನೆ. ಇಂಟರ್‌ನೆಟ್ ತಂದು ವೈಫೈ ಹಂಚುವ ಫೈಬರ್ ಬಾಕ್ಸ್ ಕೆಳಗೆ ಹಾಲ್‌ನಲ್ಲಿ, ಟಿವಿ ಶೋಕೇಸ್ ಒಳಗೆ. ನನ್ನ ಕೆಲಸದ ರೂಮು ಮೇಲೆ. ನಡುವೆ ಕಾಂಕ್ರೀಟ್ ತಾರಸಿ, ಸಾಲದ್ದಕ್ಕೆ ಒಂದು ಕಬ್ಬಿಣದ ಬೀರು. ಮೇಲೆ ಎರಡು ಕಡ್ಡಿ ಸಿಗ್ನಲ್, ಸ್ಪೀಡ್ 6 ಎಂಬಿಪಿಎಸ್ (ಸೆಕೆಂಡಿಗೆ 6 ಮೆಗಾಬಿಟ್; ಮುಂದೆ ಬರುವ ಸ್ಪೀಡಿನ ಅಂಕಿಗಳೆಲ್ಲ ಇದೇ ಲೆಕ್ಕ). ಮೀಟಿಂಗ್ ನಡುವೆ ನನ್ನ ಮುಖ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಡುತ್ತಿತ್ತು.

ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದೆ. "ಸರ್, 100ರ ಪ್ಲಾನ್ ನಿಮಗೆ ಸಾಲಲ್ಲ. 200 ಹಾಕಿಸಿ, ಮೇಲೂ ಬರುತ್ತೆ" ಅಂದರು. ತಿಂಗಳಿಗೆ 300 ರೂಪಾಯಿ ಜಾಸ್ತಿ, ಅದರ ಮೇಲೆ 18% ಜಿಎಸ್‌ಟಿ. ಒಂದು ವರ್ಷದ್ದು ಒಟ್ಟಿಗೇ ಕಟ್ಟಿದೆ. ಮೇಲೆ ಬಂದು ನೋಡಿದರೆ ಅದೇ 6. ಬಾಕ್ಸ್ ಪಕ್ಕದಲ್ಲೇ ಫೋನ್ ಹಿಡಿದರೂ ಮೊದಲು ಬರುತ್ತಿದ್ದ 40ರ ಆಸುಪಾಸೇ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಆಮೇಲೆ ಎಕ್ಸ್‌ಟೆಂಡರ್, ಅಂದರೆ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬ. ಅಂಗಡಿಯವನು 1,400ಕ್ಕೆ ಕೊಟ್ಟ, ಡಬ್ಬದ ಮೇಲೆ ದಪ್ಪಕ್ಕೆ 300 ಎಂಬಿಪಿಎಸ್ ಅಂತಿತ್ತು. ಮೇಲಿನ ರೂಮಿನಲ್ಲೇ, ಮೇಜಿನ ಪಕ್ಕದ ಪ್ಲಗ್‌ಗೆ ಹಾಕಿದೆ. ತಕ್ಷಣ ಕಡ್ಡಿ ಫುಲ್! ಮನೆಯವಳನ್ನೂ ಕರೆದು ತೋರಿಸಿದೆ. ಟೆಸ್ಟ್ ಮಾಡಿದರೆ 5. ಇದ್ದದ್ದಕ್ಕಿಂತ ಒಂದು ಕಮ್ಮಿ. ಅದರ ಸಣ್ಣ ದೀಪ ಕೆಂಪಗೆ ಉರಿಯುತ್ತಿತ್ತು. ಅಂಗಡಿಗೆ ಫೋನ್ ಮಾಡಿದರೆ "ಅದು ಹಾಗೇ ಇರುತ್ತೆ ಬಿಡಿ ಸರ್" ಎಂಬ ಉತ್ತರ.

ಹಾಗೇ ಇರುವುದಲ್ಲ ಅದು. ಫೋನಿನಲ್ಲಿ ಕಾಣುವ ಕಡ್ಡಿ ಫೋನಿಗೂ ಎಕ್ಸ್‌ಟೆಂಡರ್‌ಗೂ ನಡುವಿನದು. ಎಕ್ಸ್‌ಟೆಂಡರ್‌ಗೆ ಕೆಳಗಿನ ಬಾಕ್ಸಿನಿಂದ ಎಷ್ಟು ಸಿಗುತ್ತಿದೆ ಅನ್ನುವುದು ಆ ಕೆಂಪು ದೀಪದಲ್ಲಿತ್ತು. ಕೊಳಾಯಿಗೇ ನೀರಿಲ್ಲದಿದ್ದರೆ ದೊಡ್ಡ ಬಕೆಟ್ ಇಟ್ಟು ಏನು ಬಂತು? ಮೆಟ್ಟಿಲ ತಿರುವಿಗೆ ತಂದಾಗ ದೀಪ ಹಸಿರಾಯಿತು, ಸ್ಪೀಡ್ 18ಕ್ಕೆ ಏರಿತು. ಅದಕ್ಕಿಂತ ಮೇಲೆ ಹೋಗಲಿಲ್ಲ. ಒಂದೇ ಬ್ಯಾಂಡಿನಲ್ಲಿ (ರೇಡಿಯೋ ತರಂಗದ ಪಟ್ಟಿಯಲ್ಲಿ) ಇಸಿದುಕೊಂಡು ಅದರಲ್ಲೇ ದಾಟಿಸುವ ಡಬ್ಬ, ಅರ್ಧ ಸ್ಪೀಡ್ ಅಲ್ಲೇ ತಿಂದುಹಾಕುತ್ತದೆ.

ದಸರಾ ರಜೆಗೆ ಬಂದ ಅಕ್ಕನ ಮಗ ಹಳೇ ಲ್ಯಾಪ್‌ಟಾಪ್ ತಂದು, ಲ್ಯಾನ್ ವೈರನ್ನು (ವೈಫೈ ಇಲ್ಲದೆ ಕಂಪ್ಯೂಟರ್ ಜೋಡಿಸುವ ವೈರು) ನೇರ ಬಾಕ್ಸಿಗೆ ಚುಚ್ಚಿದ. 94. ಇನ್ನೊಮ್ಮೆ ನೋಡಿದ, 94. ಇನ್ನೊಂದು ಲ್ಯಾಪ್‌ಟಾಪ್‌ನಲ್ಲೂ 94.

"ಮಾಮ, ಈ ಬಾಕ್ಸಿನ ವೈರ್ ಚುಚ್ಚುವ ಪೋರ್ಟೇ 100ರದ್ದು. 200 ಎಲ್ಲಿಂದ ಬರುತ್ತೆ?"

ವೈಫೈ ಕೂಡ ಬರೀ 2.4 ಗಿಗಾಹರ್ಟ್ಸ್ ಬ್ಯಾಂಡಿನದು. ಗೋಡೆ ದಾಟುವುದರಲ್ಲಿ ಅದು 5 ಗಿಗಾಹರ್ಟ್ಸ್‌ಗಿಂತ ಮೇಲು, ಆದರೆ ನಿಧಾನ. ಅಕ್ಕಪಕ್ಕದ ಮನೆಯವರೆಲ್ಲ ಅದರಲ್ಲೇ ಕೂತಿರುತ್ತಾರೆ ಬೇರೆ. ಅಂದರೆ ಈ ಬಾಕ್ಸ್ ಇರುವ ತನಕ 200ರ ಪ್ಲಾನ್‌ಗೆ ಕಟ್ಟಿದ್ದು ಸುಮ್ನೆ. ಕನೆಕ್ಷನ್ ಕೊಟ್ಟವರನ್ನು ಕೇಳಿದ್ದಕ್ಕೆ "ಡ್ಯುಯಲ್ ಬ್ಯಾಂಡ್ ಬಾಕ್ಸಿಗೆ ಬೇರೆ ಚಾರ್ಜು ಸರ್" ಅಂದರು. ಡ್ಯುಯಲ್ ಬ್ಯಾಂಡ್ ಅಂದರೆ 2.4, 5 ಎರಡೂ ಇರುವುದು. ಪ್ಲಾನ್ ಮಾರುವಾಗ ಆ ಮಾತು ಬಾಯಿಗೆ ಬರಲಿಲ್ಲ ನೋಡಿ.

ಕೊನೆಗೆ ಕೆಲಸಕ್ಕೆ ಬಂದದ್ದು ಗೋಡೆಯ ಪೈಪಿನಲ್ಲಿ ಬಿದ್ದಿದ್ದ ಹಳೇ ಕೇಬಲ್ ಟಿವಿ ವೈರು. ಅದರ ತುದಿಗೆ ಕ್ಯಾಟ್ 6 ಲ್ಯಾನ್ ವೈರ್ ಕಟ್ಟಿ, ಟೇಪ್ ಸುತ್ತಿ, ಅವನು ಕೆಳಗಿಂದ ತಳ್ಳಿದ, ನಾನು ಮೇಲಿಂದ ಎಳೆದೆ. ಅಟ್ಟದಲ್ಲಿದ್ದ ಹಳೇ ರೂಟರನ್ನು ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪ್‌ಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಕೆಲಸ) ಆಫ್ ಮಾಡಿ ತುದಿಗೆ ಸಿಕ್ಕಿಸಿದೆವು. ವೈರು, ಕನೆಕ್ಟರು ಸೇರಿ 700 ರೂಪಾಯಿ. ಈಗ ಮೇಜಿನ ಹತ್ತಿರ ವೈಫೈಯಲ್ಲಿ 45, ವೈರ್ ಚುಚ್ಚಿದರೆ 94.

ಎಕ್ಸ್‌ಟೆಂಡರನ್ನು ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ವರ್ಷದ ಪ್ಲಾನ್ ಇನ್ನೂ ಏಳು ತಿಂಗಳಿದೆ. ಮುಗಿದ ದಿನವೇ 100ಕ್ಕೆ ಇಳಿಸುತ್ತೇನೆ.