ಕ್ಯಾಂಟೀನ್ ಅಡುಗೆಮನೆ ನಡೆಸುವವರು ದಯವಿಟ್ಟು ಓದಿ

ಹೋದ ವರ್ಷ ಮಳೆಗಾಲದ ಒಂದು ಬೆಳಿಗ್ಗೆ ನಾವು ಬಡಿಸಿದ ಚಿತ್ರಾನ್ನ ತಿಂದು ಮೂವತ್ತಕ್ಕೂ ಹೆಚ್ಚು ಜನ ವಾಂತಿ ಮಾಡಿಕೊಂಡರು. ಆಗ ನಾನು ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನ್‌ನಲ್ಲಿ ಅಡುಗೆಮನೆ ಸೂಪರ್‌ವೈಸರ್. ದೇವರ ದಯೆ, ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಹನ್ನೊಂದು ಜನಕ್ಕೆ ಗ್ಲೂಕೋಸ್ ಹಾಕಿಸಬೇಕಾಯಿತು. ಅವರಲ್ಲಿ ಒಬ್ಬಳು ಐದು ತಿಂಗಳ ಬಸುರಿ. ಅವಳ ಗಂಡ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನನ್ನನ್ನು ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಕೊಳಕು ಅಡುಗೆಮನೆ ಆಗಿರಲಿಲ್ಲ. ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಕೊಡುವ 14 ಅಂಕಿಯ ಲೈಸೆನ್ಸನ್ನು ಫ್ರೇಮ್ ಹಾಕಿಸಿ ಬಾಗಿಲ ಪಕ್ಕ ತೂಗುಹಾಕಿದ್ದೆವು. ಎಲ್ಲರಿಗೂ ಟೋಪಿ, ಏಪ್ರನ್ ಇತ್ತು. ವರ್ಷಕ್ಕೊಮ್ಮೆ ಮೆಡಿಕಲ್ ಚೆಕಪ್ ಆಗುತ್ತಿತ್ತು. ನಾನು ಅದೇ ಪ್ರಾಧಿಕಾರದ ಆಹಾರ ಸುರಕ್ಷತಾ ತರಬೇತಿ ಫೋಸ್ಟ್ಯಾಕ್ ಮುಗಿಸಿದವನು. ಬಿಸಿ ಅಡುಗೆ 60 ಡಿಗ್ರಿಗಿಂತ ಮೇಲಿರಬೇಕು, ತಣ್ಣಗಿಡುವುದು 5 ಡಿಗ್ರಿಗಿಂತ ಕೆಳಗಿರಬೇಕು, ನಡುವಿನದೆಲ್ಲ ಅಪಾಯ. ಇದನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಿದ್ದೆ.

ಬೆಳಗಿನ ಪಾಳಿಯವರಿಗೆ ಏಳೂವರೆಗೆ ತಿಂಡಿ. ಬಿಸಿ ಅನ್ನ ಕಲಸಿದರೆ ಚಿತ್ರಾನ್ನ ಮುದ್ದೆಯಾಗುತ್ತದೆ ಅಂತ ರಾತ್ರಿಯೇ ಅನ್ನ ಮಾಡಿಡುವುದು ರೂಢಿ. ಮಾಡಿದ ಕೂಡಲೇ ಅಗಲ ಟ್ರೇಗಳಲ್ಲಿ ತೆಳ್ಳಗೆ ಹರವಿ, ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಬೇಕು. ಅವತ್ತು ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದ ನಮ್ಮ ಮಾಲೀಕರು ಟ್ರೇಗಳನ್ನೆಲ್ಲ ಒಂದು ಮದುವೆ ಆರ್ಡರ್‌ಗೆ ಕಳಿಸಿಬಿಟ್ಟಿದ್ದರು. 25 ಕೆಜಿ ಅಕ್ಕಿಯ ಅನ್ನ ಎರಡು ದೊಡ್ಡ ಕೊಳಗಗಳಲ್ಲೇ ಉಳಿಯಿತು. ಮೇಲೆ ಒದ್ದೆ ಬಟ್ಟೆ ಮುಚ್ಚಿ ಎಲ್ಲರೂ ಮಲಗಿದರು.

ಬೆಳಿಗ್ಗೆ ಐದೂವರೆಗೆ ಹೆಲ್ಪರ್ ಹುಡುಗ ಅನ್ನ ಬಿಡಿಸಲು ಕೊಳಗಕ್ಕೆ ಕೈ ಹಾಕಿದ. ರಾಯಚೂರು ಕಡೆಯವನು, ಇಪ್ಪತ್ತೊಂದು ವಯಸ್ಸು. ಮೊಣಕೈವರೆಗೂ ಕೈ ಇಳಿಸಿ ಹಾಗೇ ನಿಂತ. “ಸರ್, ನಡುವ ಇನ್ನಾ ಬೆಚ್ಚಗ ಐತ್ರಿ” ಅಂದ.

“ಒಳ್ಳೇದಾಯ್ತು ಬಿಡು, ಬೇಗ ಬಿಸಿಯಾಗುತ್ತೆ” ಅಂದರು ಅಡುಗೆ ಭಟ್ಟರು. ನಾನು ಒಂದು ಹಿಡಿ ತೆಗೆದು ಮೂಗಿಗೆ ಹಿಡಿದೆ. ಹಳಸಿದ ವಾಸನೆ ಒಂಚೂರೂ ಇಲ್ಲ. ಒಗ್ಗರಣೆ ಹಾಕಿ ಅಂದೆ. ಹುಡುಗ ಇನ್ನೇನೋ ಹೇಳಲು ಬಾಯಿ ತೆರೆದ. ಆಮೇಲೆ ಸುಮ್ನೆ ನಿಂಬೆಹಣ್ಣು ಹೆಚ್ಚಲು ಹೋದ.

ಅವನು ಯಾಕೆ ಸುಮ್ಮನಾದ ಅನ್ನುವುದು ನನಗೆ ಗೊತ್ತಿತ್ತು. ಎರಡು ವಾರದ ಹಿಂದೆ ಬೆಳಗಿನಿಂದ ಹೊರಗೇ ಉಳಿದಿದ್ದ ಒಂದು ಪಾತ್ರೆ ಸಾಂಬಾರನ್ನು ಅವನು ಯಾರನ್ನೂ ಕೇಳದೆ ಚೆಲ್ಲಿದ್ದ. ಸರಿಯಾದ ಕೆಲಸವನ್ನೇ ಮಾಡಿದ್ದ. ಮಾಲೀಕರು ಅವನ ಸಂಬಳದಲ್ಲಿ 600 ರೂಪಾಯಿ ಹಿಡಿದರು. ರಿಜಿಸ್ಟರ್‌ನಲ್ಲಿ ಅದನ್ನು ಬರೆದದ್ದು ನಾನೇ. ಹಾಗಿರುವಾಗ ಅವನು ಎರಡನೇ ಸಲ ಯಾಕೆ ಬಾಯಿ ಬಿಡುತ್ತಾನೆ ಹೇಳಿ?

ಒಂಬತ್ತೂವರೆಗೆ ಮೊದಲ ಫೋನ್ ಬಂತು. ಹತ್ತೂವರೆ ಹೊತ್ತಿಗೆ ಕಾರ್ಖಾನೆಯ ಶೌಚಾಲಯದ ಮುಂದೆ ಸಾಲು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಅನ್ನ ಕುದಿಸಿದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂತರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ನಮ್ಮ ಒಗ್ಗರಣೆಗಂತೂ ಹೋಗುವುದೇ ಇಲ್ಲ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ ಶುರು. ಮೂಗಿಗೆ ಅದು ಗೊತ್ತಾಗುವುದೂ ಇಲ್ಲ. ರಾತ್ರಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕದ ಮನೆ ನಮ್ಮಲ್ಲಿ ಯಾವುದಿದೆ? ಅದಕ್ಕೇ ನಮಗೆ ಭಯವೇ ಹುಟ್ಟಲಿಲ್ಲ. ಆದರೆ ಮನೆಯ ಪುಟ್ಟ ಪಾತ್ರೆ ಬೇಗ ಆರುತ್ತದೆ. ದೊಡ್ಡ ಕೊಳಗದ ಹೊಟ್ಟೆ ರಾತ್ರಿಯಿಡೀ ಬೆಚ್ಚಗೇ ಇರುತ್ತದೆ. ಹುಡುಗನ ಕೈಗೆ ತಾಗಿದ್ದು ಅದೇ.

ವಾಂತಿ ಸುದ್ದಿ ತಿಳಿದ ತಕ್ಷಣ ಮಾಲೀಕರು ಫೋನ್‌ನಲ್ಲಿ ಹೇಳಿದ ಮೊದಲ ಮಾತು: ಪಾತ್ರೆ ತೊಳೆಸಿಬಿಡಿ. ನಾನು ತೊಳೆಸಿದೆ. ಉಳಿದ ಚಿತ್ರಾನ್ನವನ್ನೂ ಚೆಲ್ಲಿಸಿದೆ. ಪ್ರತಿ ಅಡುಗೆಯ ಸ್ಯಾಂಪಲ್ ಎತ್ತಿಡಬೇಕು ಅಂತ ಒಪ್ಪಂದದಲ್ಲೇ ಇತ್ತು, ಅದನ್ನೂ ಅವತ್ತು ಎತ್ತಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಏನು ತಿಂದಿದ್ದರು, ಸ್ಯಾಂಪಲ್ ಇದೆಯಾ ಅಂತ ಕೇಳಿದಾಗ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. ಇದಕ್ಕೆ ನನಗೆ ಕ್ಷಮೆ ಇಲ್ಲ.

ಮಧ್ಯಾಹ್ನ ಆಹಾರ ಸುರಕ್ಷತಾ ಅಧಿಕಾರಿ ಬಂದರು. ತಾಪಮಾನ ಬರೆಯುವ ಪುಸ್ತಕ ಕೇಳಿದರು. ತೆರೆದರೆ ಎಲ್ಲ ಖಾನೆಯಲ್ಲೂ 65. ಸೋಮವಾರ 65, ಮಂಗಳವಾರ 65. ಒಂದೇ ಪೆನ್ನು, ಒಂದೇ ಕೈಬರಹ. ಅವತ್ತು ಬುಧವಾರ. ಅವರು ಗುರುವಾರದ ಖಾನೆ ಮೇಲೆ ಬೆರಳಿಟ್ಟರು. ಅಲ್ಲೂ 65 ಇತ್ತು. ಥರ್ಮಾಮೀಟರ್ ಎಲ್ಲಿ ಅಂದರು. ಡ್ರಾಯರ್‌ನಲ್ಲಿ ಸಿಕ್ಕಿತು, ಬ್ಯಾಟರಿ ಸತ್ತು ಎಷ್ಟು ತಿಂಗಳಾಗಿತ್ತೋ.

ಆ ಪುಸ್ತಕವನ್ನು ಹಾಗೆ ತುಂಬಿಸಿದ್ದು ಸೋಮಾರಿತನ ಅಂತ ಮೊದಲು ಅಂದುಕೊಂಡೆ. ಆಮೇಲೆ ಹುಡುಗರ ಜೊತೆ ಕೂತು ಮಾತಾಡಿದಾಗ ಗೊತ್ತಾಯಿತು, ಯಾರೋ ಒಬ್ಬ ಒಮ್ಮೆ 48 ಅಂತ ನಿಜ ಬರೆದಿದ್ದ. ಬೈಗುಳ ತಿಂದಿದ್ದ. ಅಲ್ಲಿಂದ ಎಲ್ಲರೂ 65 ಬರೆಯಲು ಕಲಿತರು. ತರಕಾರಿ ಹೆಚ್ಚುವ ಹೆಂಗಸು ಬೇಧಿ ಆಗುತ್ತಿದ್ದರೂ ಎರಡು ದಿನ ಕೆಲಸಕ್ಕೆ ಬಂದಿದ್ದರಂತೆ. ಹೊಟ್ಟೆ ಕೆಟ್ಟವರು ಅಡುಗೆ ಮುಟ್ಟಬಾರದು ಅಂತ ಆಹಾರ ಲೈಸೆನ್ಸ್ ಕುರಿತ 2011ರ ನಿಯಮಗಳ ನಾಲ್ಕನೇ ಶೆಡ್ಯೂಲ್‌ನಲ್ಲಿದೆ. ಆದರೆ ರಜೆ ಹಾಕಿದರೆ ಅವರ ದಿನಗೂಲಿ ಹೋಗುತ್ತದೆ, ಅಲ್ವಾ? ಮಕ್ಕಳ ಫೀಸ್ ಕಟ್ಟಬೇಕಾದವರು ಹೊಟ್ಟೆನೋವು ಹೇಳಿಕೊಳ್ಳುವುದಿಲ್ಲ.

ನೀವು ಅಡುಗೆಮನೆ ನಡೆಸುತ್ತಿದ್ದರೆ, ದಯವಿಟ್ಟು ಚೆಲ್ಲಿದ ಅಡುಗೆಗೆ ಯಾರ ಸಂಬಳವನ್ನೂ ಹಿಡಿಯಬೇಡಿ. ಬೇಧಿ, ಜ್ವರ, ಕೈಯಲ್ಲಿ ಕೀವು ತುಂಬಿದ ಗಾಯ ಅಂದರೆ ಸಂಬಳ ಕೊಟ್ಟೇ ಮನೆಗೆ ಕಳಿಸಿ. ಥರ್ಮಾಮೀಟರ್‌ನಲ್ಲಿ 48 ಬಂದರೆ 48 ಅಂತಲೇ ಬರೆದವನಿಗೆ ಎಲ್ಲರೆದುರು ಶಹಬ್ಬಾಸ್ ಅನ್ನಿ. ಕಾರ್ಖಾನೆಯ ಎಚ್‌ಆರ್‌ನವರಾದರೆ, ಲೈಸೆನ್ಸ್ ನೋಡಿ ತೃಪ್ತರಾಗಬೇಡಿ. ಪುಸ್ತಕ ತೆರೆಸಿ. ಅಂಕಿಗಳೆಲ್ಲ ಒಂದೇ ಇದ್ದರೆ ಅವು ಸುಳ್ಳು, ಯಾಕಂದರೆ ನಿಜವಾದ ಅಡುಗೆ ದಿನಾ ಒಂದೇ ಡಿಗ್ರಿಯಲ್ಲಿ ಇರುವುದಿಲ್ಲ. ಪಾತ್ರೆ ತೊಳೆಯುವವರನ್ನು ಬೇರೆ ಕರೆದು, ಇಲ್ಲಿ ಕೊನೆಯ ಸಲ ಅಡುಗೆ ಚೆಲ್ಲಿದ್ದು ಯಾವಾಗ ಅಂತ ಕೇಳಿ. ಯಾವತ್ತೂ ಇಲ್ಲ ಅಂದರೆ ಜಾಸ್ತಿ ಎಚ್ಚರದಿಂದಿರಿ.

ಗುತ್ತಿಗೆ ರದ್ದಾಯಿತು, ನಾನೂ ಅಲ್ಲಿಂದ ಬಂದೆ. ಈಗ ಇನ್ನೊಂದು ಅಡುಗೆಮನೆಯಲ್ಲಿದ್ದೇನೆ. ಆ ಹುಡುಗನನ್ನೂ ಕರೆಸಿಕೊಂಡೆ, ಹಿಡಿದಿದ್ದ 600 ರೂಪಾಯಿ ನನ್ನ ಜೇಬಿನಿಂದ ಕೊಟ್ಟೆ. ಅವನು ಬೇಡ ಅಂದ, ಬಲವಂತ ಮಾಡಿ ಕೊಟ್ಟೆ. ಹೋದ ವಾರ ಅವನು ಒಂದು ಟ್ರೇ ಪಲ್ಯ ಹಿಡಿದು ಬಂದು, “ಇದು ಎರಡು ತಾಸಿಂದ ಹೊರಗ ಐತ್ರಿ, ಚೆಲ್ತೀನಿ” ಅಂದ. ಕೇಳಲಿಲ್ಲ, ಹೇಳಿದ. ನಾನು ಪುಸ್ತಕ ತಗೊಂಡು ಚೆಲ್ಲಿದ್ದು ಅಂತ ಬರೆದು ಸಹಿ ಹಾಕಿದೆ. ಆ ಮಧ್ಯಾಹ್ನ ಊಟಕ್ಕೆ ಪಲ್ಯ ಇರಲಿಲ್ಲ, ಉಪ್ಪಿನಕಾಯಿ ಬಡಿಸಿದೆವು.